ಸವತಿಯ ಹಾಸಿಗೆಗೆ ಹೊಲಿದ ಪಟ್ಟಿ

ಕರೆಂಟು ಹೋಯಿತಾ? ಹೋಗಲಿ ಬಿಡಿ. ಕಾಲನ್ನು ಕೆಂಡದ ಮೇಲಿನ ಸಂದಲಿ ಮೇಜಿನ ಕೆಳಗೆ ಚಾಚಿ, ರಜಾಯಿ ಸೊಂಟದವರೆಗೆ ಎಳೆದುಕೊಳ್ಳಿ. ಕೆಂಡ ಇನ್ನೂ ಇದೆ. ಈಗ ಹೇಳುವುದು ಅವರಿವರ ಬಾಯಿಂದ ಕೇಳಿದ್ದಲ್ಲ. ನಮ್ಮ ಮುಕರ್ರಮಾಗೆ ಆದದ್ದು... ನನ್ನ ತಾಯಿಯ ಚಿಕ್ಕಪ್ಪನ ಮಗಳು, ಮ್ಯೂಸಿಯಂನಲ್ಲಿ ಹಳೆಯ ಬಟ್ಟೆಗಳನ್ನು ನೋಡಿಕೊಳ್ಳುವವಳು. ಇಪ್ಪತ್ತಾರು ವರ್ಷದಿಂದ ಅದೇ ಕೆಲಸ. ನಂಬದವರು ಈಗಲೇ ಎದ್ದು ಒಳಗೆ ಹೋಗಿ ಮಲಗಬಹುದು, ನನಗೇನೂ ಬೇಜಾರಿಲ್ಲ.

ಜನವರಿ ತಿಂಗಳು. ಖುಜಂದ್‌ನಲ್ಲಿ ನದಿಯ ಆಚೆ ದಂಡೆಯಲ್ಲಿ ಮ್ಯೂಸಿಯಂನ ಹೊಸ ಶಾಖೆ ತೆರೆಯುವುದಕ್ಕೆ ನಾಲ್ಕೇ ದಿನ ಉಳಿದಿತ್ತು. ಮುಕರ್ರಮಾ ಹಳೆಯ ಕಟ್ಟಡದಿಂದ ಹೊರಬಿದ್ದಾಗ ರಾತ್ರಿ ಹತ್ತು ದಾಟಿತ್ತು. ಬೀದಿ ದೀಪ ಒಂದೂ ಇಲ್ಲ. ಕಾಲಡಿ ಗಟ್ಟಿಯಾದ ಹಿಮ... ಕರಕ್... ಕರಕ್... ಕೋಟಿನ ಒಳಗೆ, ಸೊಂಟಕ್ಕೆ, ಒಂದು ಉದ್ದನೆಯ ಬಟ್ಟೆ ಸುತ್ತಿಕೊಂಡಿದ್ದಳು. ಅದು ಅವಳದ್ದಲ್ಲ.

ಕಾಲುವೆ ತಿರುಗುವ ಕಡೆ ಆ ಚಿನಾರ್ ಮರ ಇದೆಯಲ್ಲ, ಅದರ ಬುಡದಲ್ಲಿ ಯಾರೋ ಕೂತಿದ್ದರು.

"ಮಗಳೇ..."

ಮುಕರ್ರಮಾ ನಿಂತಳು. ಮಂಜುಗಡ್ಡೆಯ ಕೆಳಗೆ ನೀರು ಗುಳುಗುಳು ಅನ್ನುತ್ತಿತ್ತು. ಬೇರೆ ಸದ್ದಿಲ್ಲ.

"ಸೂಜಿಗೆ ದಾರ ಹಾಕಿಕೊಡು, ಮಗಳೇ... ಕಣ್ಣು ಹಿಡೀತಿಲ್ಲ."

ನಮ್ಮಲ್ಲಿ ಮುದುಕಿಯೊಬ್ಬಳು ಸೂಜಿ ನೀಡಿದರೆ ಆಗುವುದಿಲ್ಲ ಅನ್ನುವ ಹೆಣ್ಣುಮಗಳು ಇನ್ನೂ ಹುಟ್ಟಿಲ್ಲ. ನಾಳೆ ನಮ್ಮ ಕಣ್ಣೂ ಮಂಜಾಗುತ್ತದೆ, ಆಗ ಯಾರನ್ನು ಕೇಳೋಣ? ಮುಕರ್ರಮಾ ಯೋಚನೆ ಮಾಡದೆ ಕೈಗವಸು ಕಳಚಿ ಸೂಜಿ ತೆಗೆದುಕೊಂಡಳು. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿದಳು. ಬಾಯಿಗೆ ಕೂದಲು ಸಿಕ್ಕ ಹಾಗಾಯಿತು. ಆ ಕತ್ತಲೆಯಲ್ಲೂ ದಾರ ಮೊದಲ ಸಲಕ್ಕೇ ಸೂಜಿಯ ಕಣ್ಣಿನಲ್ಲಿ ತೂರಿತು.

"ಈ ಚಳೀಲಿ ಇಲ್ಲಿ ಕೂತು ಏನು ಹೊಲೀತೀರಮ್ಮಾ?"

"ಬಿಚ್ಚಿದ್ದನ್ನ."

ಹತ್ತು ಹೆಜ್ಜೆ ಹೋದ ಮೇಲೆ ಆ ಮಾತು ಅವಳ ಕಿವಿಗೆ ಸರಿಯಾಗಿ ಬಿತ್ತು. ತಿರುಗಿ ನೋಡಿದಳು. ಮರ ಇತ್ತು. ಬುಡದಲ್ಲಿ ಯಾರೂ ಇರಲಿಲ್ಲ... ಬೀದಿಯಲ್ಲಿ ಹೋಗುತ್ತಿದ್ದ ಮಾರಿಯನ್ನು ಮನೆಗೆ ಕರೆದ ಹಾಗಾಯಿತು ಅಂತ ಅವಳಿಗೆ ಆಗ ತಿಳಿಯಲಿಲ್ಲ.

ಸೊಂಟಕ್ಕೆ ಸುತ್ತಿದ ಆ ಬಟ್ಟೆ ಏನು, ಯಾಕೆ ಅಂತ ಹೇಳಿಬಿಡುತ್ತೇನೆ. ಹೇಳುವುದಕ್ಕೆ ನಾಚಿಕೆಯಾಗುತ್ತದೆ, ನಮ್ಮ ಮನೆಯ ಹೆಣ್ಣುಮಗಳಲ್ಲವೇ... ಆದರೂ ಹೇಳಬೇಕು. ಕಾರಣ ಹೊಟ್ಟೆಕಿಚ್ಚು.

ಹೊಸ ಶಾಖೆ ಬೇಕು ಅಂತ ಬಡಿದುಕೊಂಡವಳು ಮುಕರ್ರಮಾನೇ. ಹಳೆಯ ಕಟ್ಟಡದ ಸೂರು ಸೋರುತ್ತಿತ್ತು. ಮಳೆ ಬಂದರೆ ರೇಷ್ಮೆಯ ಪೆಟ್ಟಿಗೆಗಳ ಮೇಲೆ ತನ್ನ ಮನೆಯ ಬೋಗುಣಿಗಳನ್ನು ತಂದಿಡುತ್ತಿದ್ದಳು. ನಾಲ್ವರು ನಿರ್ದೇಶಕರು ಬಂದು ಹೋದರು, ನಾಲ್ವರಿಗೂ ಅರ್ಜಿ ಬರೆದಳು. ಐದನೆಯವರ ಕಾಲಕ್ಕೆ ಕಟ್ಟಡ ಎದ್ದಿತು. ಅದಕ್ಕೆ ಮುಖ್ಯಸ್ಥೆ ತಾನೇ ಅಂತ ಒಳಗೊಳಗೇ ತೀರ್ಮಾನ ಮಾಡಿಕೊಂಡು, ಪಂಜ್‌ಶಂಬೆ ಬಜಾರಿನಲ್ಲಿ ಹೊಸ ಕೋಟಿನ ಬಟ್ಟೆಯನ್ನೂ ಕೊಂಡಿದ್ದಳು.

ಒಂದು ದಿನ ಎಲ್ಲರೂ ಚಹಾಕ್ಕೆ ಕೂತಿದ್ದಾಗ ನಿರ್ದೇಶಕರು ಹೆಸರು ಹೇಳಿದರು. ಸನವ್ಬರ್.

ಸನವ್ಬರ್ ಅಂದರೆ ಮುಕರ್ರಮಾಳ ಕೈಕೆಳಗೆ ಕೆಲಸ ಕಲಿತ ಹುಡುಗಿ. ಹನ್ನೊಂದು ವರ್ಷದ ಹಿಂದೆ ಬಂದಾಗ ಅವಳಿಗೆ ರೇಷ್ಮೆ ಯಾವುದು ಹತ್ತಿ ಯಾವುದು ಗೊತ್ತಿರಲಿಲ್ಲ. ಬಟ್ಟೆ ಹೇಗೆ ಮಡಿಸಬೇಕು, ನುಸಿಗುಳಿಗೆ ಎಲ್ಲಿಡಬೇಕು, ನೂರು ವರ್ಷದ ನೂಲನ್ನು ಉಸಿರು ತಾಗದ ಹಾಗೆ ಹೇಗೆ ನೋಡಬೇಕು, ಎಲ್ಲ ಕಲಿಸಿದವಳು ಇವಳು.

"ಮುಕರ್ರಮಾ ಅಪಾ ನಮ್ಮ ಹಳೇ ಕಟ್ಟಡದ ಕಂಬ ಇದ್ದ ಹಾಗೆ," ಅಂದರು ನಿರ್ದೇಶಕರು, ಬಾಯಿ ತುಂಬ ಅಕ್ಕ ಅಂತ ಕರೆದು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೊಸ ಮನೆಗೆ ಹೋಗುವಾಗ ಕಂಬವನ್ನು ಯಾರಾದರೂ ಹೊತ್ತುಕೊಂಡು ಹೋಗುತ್ತಾರಾ?

ಕಾವಲಿಗಿದ್ದ, ಎಲ್ಲರೂ ಚಿಕ್ಕಪ್ಪ ಅನ್ನುವ ಹೋಮಿದ್ ಅಮಾಕ್‌ಗೆ ಬಾಯಿ ಸ್ವಲ್ಪ ಉದ್ದ. ಬಾಗಿಲಲ್ಲಿ ಸಿಕ್ಕು ಕುಟುಕಿದ. "ಅಪಾ, ಆಚೆ ದಂಡೇಲಿ ಗೋಡೆಯಿಂದಾನೇ ಬಿಸಿ ಬರುತ್ತಂತೆ. ನಮಗೆ ಈ ಪಾರಿವಾಳಗಳೇ ಗತಿ. ಹಿಟ್ಟು ನಾದಿದ್ದು ನೀವು, ರೊಟ್ಟಿ ತಟ್ಟಿದ್ದು ಅವಳು!"

"ನಿಮ್ಮ ಬಾಯಿಗೊಂದು ರೊಟ್ಟಿ ತುರುಕಬೇಕು, ಅಮಾಕ್," ಅಂದು ನಕ್ಕಳು. ನಗು ಹಲ್ಲಿನಿಂದ ಒಳಗೆ ಹೋಗಲಿಲ್ಲ.

ಸನವ್ಬರ್ ಕೆಟ್ಟವಳಾಗಿದ್ದರೆ ಆ ಹೊಟ್ಟೆಕಿಚ್ಚಿಗೂ ಒಂದು ಮರ್ಯಾದೆ ಇರುತ್ತಿತ್ತು. ಅವಳೋ, ಮಾರನೆಯ ದಿನ ಬಿಸಿ ಸಂಬೂಸಾ ಕಟ್ಟಿಕೊಂಡು ಬಂದು, ಮುಕರ್ರಮಾಳ ಕೈ ಹಿಡಿದು, "ಅಪಾ, ನೀವಿಲ್ಲದೆ ನನಗೇನೂ ಬರಲ್ಲ," ಅಂತ ಅತ್ತಳು. ಇವಳಿಗೆ ಮೈಯೆಲ್ಲ ಉರಿದುಹೋಯಿತು. ಗೆದ್ದವಳು ಅಳುವುದನ್ನೂ ಬಿಡದಿದ್ದರೆ ಸೋತವಳಿಗೆ ಉಳಿಯುವುದೇನು?

ಹೊಸ ಶಾಖೆಯ ದೊಡ್ಡ ಗೋಡೆಗೆ ಒಂದು ಸುಜನಿ ಹೋಗಬೇಕು ಅಂತಾಯಿತು. ಮದುವೆಯ ಹಾಸಿಗೆಗೆ ಹೊದಿಸುವ ಕಸೂತಿ ಬಟ್ಟೆ, ದಾಳಿಂಬೆ ಕೆಂಪಿನ ಹೂಗಳದ್ದು. ಸುಜನಿ ಮಾಡುವ ಕ್ರಮ ಹೀಗೆ: ಐದು ಕಿರಿದಾದ ಪಟ್ಟಿಗಳನ್ನು ಸಡಿಲವಾಗಿ ಕೂಡಿಸಿ ಮೇಲೆ ಹೂಬಳ್ಳಿ ಬರೆಸುತ್ತಾರೆ. ಆಮೇಲೆ ಬಿಚ್ಚಿ, ಮನೆಯ ಒಬ್ಬೊಬ್ಬ ಹೆಂಗಸಿಗೆ ಒಂದೊಂದು ಪಟ್ಟಿ. ಕಸೂತಿ ಮುಗಿದ ಮೇಲೆ ಮತ್ತೆ ಸೇರಿಸಿ ಹೊಲಿಯುತ್ತಾರೆ. ಒಬ್ಬಳ ಕೈ ಬಿಗಿ, ಇನ್ನೊಬ್ಬಳದು ಸಡಿಲ, ಅದಕ್ಕೇ ಹೊಲಿಗೆಯ ಹತ್ತಿರ ಹೂವಿನ ಎರಡು ಅರ್ಧಗಳು ಒಂದಕ್ಕೊಂದು ಕೂಡುವುದಿಲ್ಲ. ಯಾವ ಹೆಂಗಸೂ ಪಟ್ಟಿ ಬೇಡ ಅನ್ನುವಂತಿಲ್ಲ. ಬೇಡ ಅಂದರೆ ಮದುಮಗಳಿಗೆ ಕೆಡುಕು ಬಯಸಿದ ಹಾಗೆ.

ಆ ಸುಜನಿಯ ನಡುವಿನ ಪಟ್ಟಿಯನ್ನು ಹೊಲಿದವಳು ಮನೆಯ ಹಿರಿಯ ಹೆಂಡತಿ. ಮದುವೆ ಯಾರದು? ಅವಳ ಗಂಡನದೇ. ತನ್ನ ಸವತಿ ಮಲಗುವ ಹಾಸಿಗೆಗೆ ತಾನೇ ಹೂವು ಹೊಲಿದು ಕೊಟ್ಟಳು. ಮದುವೆಯ ಹಿಂದಿನ ರಾತ್ರಿ ತಡೆಯಲಾರದೆ ಎದ್ದು ತನ್ನ ಪಟ್ಟಿಯನ್ನು ಬಿಚ್ಚಿ ತೆಗೆದುಬಿಟ್ಟಳು. ಅತ್ತೆ ಕಂಡುಹಿಡಿದು, ಕೆನ್ನೆಗೆ ಬಾರಿಸಿ, ಕಿತ್ತುಕೊಂಡು ತಾನೇ ದಪ್ಪ ದಾರದಲ್ಲಿ ಹೊಲಿದಳಂತೆ. ಹಿರಿಯ ಹೆಂಡತಿ ಆ ಚಳಿಗಾಲ ದಾಟಲಿಲ್ಲ. ಸುಜನಿಯನ್ನು ಮ್ಯೂಸಿಯಂಗೆ ಕೊಟ್ಟ ಮನೆಯ ಅಜ್ಜಿ ಇದನ್ನು ಮುಕರ್ರಮಾಗೆ ಮಾತ್ರ ಹೇಳಿದ್ದಳು. ಮನೆಯ ಮಾತು ಅಂತ ಮುಕರ್ರಮಾ ಅದನ್ನು ಎಲ್ಲೂ ಬರೆದಿಡಲಿಲ್ಲ.

ಸುಜನಿಯನ್ನು ಕಟ್ಟಿ ಕಳಿಸುವ ಮಧ್ಯಾಹ್ನ ಆ ಕತೆ ಅವಳ ತಲೆ ಹೊಕ್ಕಿತು. ಬಾಗಿಲು ಹಾಕಿಕೊಂಡಳು. ಚಿಕ್ಕ ಕತ್ತರಿ ತೆಗೆದಳು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಡುವಿನ ಪಟ್ಟಿಯನ್ನು ಬಿಚ್ಚಿ ತೆಗೆದು, ಉಳಿದ ಎರಡು ತುಂಡುಗಳನ್ನು ಮಡಿಸಿ ಗಂಟು ಕಟ್ಟಿದಳು. ಪೂರ್ತಿ ಬಟ್ಟೆ ಸಿಕ್ಕಿತು ಅಂತ ಸನವ್ಬರ್ ರುಜು ಹಾಕಬೇಕು. ಹಾಕಿದ ಮೇಲೆ ಏನು ಕಳೆದರೂ ಕಳ್ಳಿ ಅವಳೇ. ಕೆಲಸ ಹೋಗುತ್ತದೆ, ಪೊಲೀಸರೂ ಬರುತ್ತಾರೆ.

"ಗಂಟು ಬಿಚ್ಚಿ ನೋಡ್ಕೋ," ಅಂದಳು ಮುಕರ್ರಮಾ.

"ನೀವು ಕಟ್ಟಿದ ಗಂಟನ್ನ ನಾನು ಬಿಚ್ಚಿ ನೋಡೋದಾ? ನಾಚ್ಕೆ ಆಗಲ್ವಾ ಅಪಾ ನನಗೆ?" ಅಂದು ಸನವ್ಬರ್ ರುಜು ಹಾಕಿದಳು. ಗಂಟು ವ್ಯಾನು ಹತ್ತಿ ಸೇತುವೆ ದಾಟಿತು.

ಆ ರಾತ್ರಿಯೇ ಚಿನಾರ್ ಮರದ ಕೆಳಗೆ ಸೂಜಿಗೆ ದಾರ ಹಾಕಿಕೊಟ್ಟದ್ದು.

ಮನೆಗೆ ಬಂದವಳೇ ಪಟ್ಟಿಯನ್ನು ಪೆಟ್ಟಿಗೆಯ ತಳದಲ್ಲಿಟ್ಟಳು. ಅವಳಿಗೆ ಮದುವೆಯಾಗಿಲ್ಲ, ಅಣ್ಣನ ಮನೆಯಲ್ಲಿ ಹಿಂದಿನ ಕೋಣೆ ಅವಳದು. ಮಲಗಿದಳು. ನಡುರಾತ್ರಿ ಒಂದು ಸದ್ದು...

ಟಿಕ್.

ಬಿಗಿಯಾಗಿ ಹಿಡಿದ ಬಟ್ಟೆಗೆ ಸೂಜಿ ಚುಚ್ಚುವ ಸದ್ದು. ಆಮೇಲೆ, ಸೊಯ್ಯ್ಯ್... ದಾರ ಎಳೆಯುವ ಸದ್ದು. ಮತ್ತೆ ಟಿಕ್. ಮತ್ತೆ ಸೊಯ್ಯ್ಯ್... ಇಲಿ ಇರಬೇಕು ಅಂದುಕೊಂಡಳು. ಇಲಿ ದಾರ ಎಳೆಯುವುದಿಲ್ಲ ಅಂತ ಅವಳಿಗೆ ಗೊತ್ತು. ಆದರೂ ಇಲಿ ಅಂದುಕೊಂಡೇ ಮುಸುಕು ಎಳೆದಳು.

ಬೆಳಿಗ್ಗೆ ಎದ್ದು ನಿಂತರೆ ಏನೋ ಕಾಲಿಗೆ ತೊಡರಿತು. ಪೆಟ್ಟಿಗೆಯಲ್ಲಿದ್ದ ಪಟ್ಟಿ ಅವಳ ನಿಲುವಂಗಿಯ ಅಂಚಿಗೆ ಸುತ್ತಲೂ ಹೊಲಿದುಕೊಂಡಿತ್ತು. ಎಳ್ಳಿನಷ್ಟು ಚಿಕ್ಕ ಹೊಲಿಗೆ, ಸಾಲು ತಪ್ಪಿಲ್ಲ.

ಕಿತ್ತು ಬಚ್ಚಿಟ್ಟು ಹೊರಗೆ ಬಂದರೆ ಅತ್ತಿಗೆ ಒಲೆಯ ಮುಂದೆ ಕೂತಿದ್ದಳು. "ರಾತ್ರಿಯೆಲ್ಲ ಏನೇ ಅದು ಟಿಕ್ ಟಿಕ್ ಅಂತ ಹೊಲಿತಾ ಇದ್ದೆ? ಮದುವೆ ಬಟ್ಟೇನಾ, ಐವತ್ತೆರಡಕ್ಕೆ?"

"ನಿಮಗೂ ಕೇಳಿಸ್ತಾ?"

"ಕಿವಿ ಇದೆಯಲ್ಲ, ಕೇಳಿಸದೆ ಏನು."

ಎರಡನೆಯ ರಾತ್ರಿ ಪೆಟ್ಟಿಗೆಗೆ ಬೀಗ ಹಾಕಿ, ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಮಲಗಿದಳು. ಟಿಕ್... ಸೊಯ್ಯ್ಯ್... ಕಿವಿಗೊಟ್ಟು ಕೇಳಿದಳು. ಸದ್ದು ಪೆಟ್ಟಿಗೆಯ ಕಡೆಯಿಂದ ಬರುತ್ತಿರಲಿಲ್ಲ. ಅವಳ ಕತ್ತಿನ ಹತ್ತಿರದಿಂದ ಬರುತ್ತಿತ್ತು. ಕೈ ಎತ್ತೋಣ ಅಂದರೆ ಏಳುತ್ತಿಲ್ಲ. ಒಮ್ಮೆ ಎಲ್ಲ ನಿಂತಿತು... ಯಾರೋ ಬಗ್ಗಿದ ಹಾಗಾಯಿತು... ಕಟ್. ಹಲ್ಲಿನಿಂದ ದಾರ ಕಡಿದ ಸದ್ದು.

ಬೆಳಗಾದಾಗ ಪಟ್ಟಿ ಅವಳ ನಿಲುವಂಗಿಯ ತೋಳಿನ ತುದಿಯಿಂದ ಕಾಲರಿನವರೆಗೆ ಹೊಲಿದುಕೊಂಡಿತ್ತು. ಕಾಲರಿನ ಕೊನೆಯ ಹೊಲಿಗೆ ಕತ್ತಿಗೆ ಒಂದು ಎಳೆ ದೂರದಲ್ಲಿ ನಿಂತಿತ್ತು. ಬೀಗ ಹಾಕಿದ ಹಾಗೆಯೇ ಇತ್ತು.

ಇಷ್ಟಾದರೂ ಅವಳ ಮನಸ್ಸಿನಲ್ಲಿ ಮೊದಲು ಬಂದ ಮಾತು ಏನು ಗೊತ್ತಾ? ಇನ್ನೆರಡು ದಿನ ಹೇಗಾದರೂ ತಡೆದರೆ ಸನವ್ಬರ್ ಕತೆ ಮುಗಿಯಿತು. ಹೆದರಿಕೆಗಿಂತ ಹೊಟ್ಟೆಕಿಚ್ಚಿಗೇ ಬಲ ಜಾಸ್ತಿ, ಅದು ನಾನು ಕಂಡ ಸತ್ಯ.

ಅವತ್ತು ಮಧ್ಯಾಹ್ನ ಕಾಲು ತಡೆಯದೆ ಸೇತುವೆ ದಾಟಿ ಹೊಸ ಶಾಖೆಗೆ ಹೋದಳು. ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ. ಗೋಡೆ ಮುಟ್ಟಿದರೆ ನಿಜವಾಗಿಯೂ ಬೆಚ್ಚಗಿತ್ತು. ಸನವ್ಬರ್ ನಾಲ್ಕು ದಿನದಿಂದ ಅಲ್ಲೇ ಮಲಗುತ್ತಿದ್ದಳಂತೆ, ಕಣ್ಣ ಕೆಳಗೆ ಕಪ್ಪು. ಓಡಿ ಬಂದು ದೊಡ್ಡ ಗೋಡೆಯ ಮುಂದೆ ಎಳೆದುಕೊಂಡು ಹೋದಳು. ಗಾಜಿನ ಹಿಂದೆ, ಮುಕರ್ರಮಾಳ ಕೋಣೆಯಷ್ಟು ಅಗಲದ ಜಾಗ ಖಾಲಿ.

"ಬಂದವರ ಕಣ್ಣು ಮೊದಲು ನಿಮ್ಮ ಸುಜನಿ ಮೇಲೇ ಬೀಳಬೇಕು, ಅಪಾ. ನಾಳೆ ಬೆಳಿಗ್ಗೆ ನಿರ್ದೇಶಕರ ಎದುರಿಗೇ ಗಂಟು ಬಿಚ್ಚೋದು."

ಇಪ್ಪತ್ತಾರು ವರ್ಷ ಕನಸಿನಲ್ಲಿ ಕಂಡ ಗೋಡೆ ಅದು. ಈಗ ಬೇರೊಬ್ಬಳು ಅದನ್ನು ತೋರಿಸುತ್ತಿದ್ದಾಳೆ. ಉಗುಳು ನುಂಗಲು ಹೋದಳು, ಕತ್ತು ಚುರುಕ್ ಅಂದಿತು. ಇವತ್ತು ಮೂರನೆಯ ರಾತ್ರಿ... ಇನ್ನು ಒಂದೇ ಎಳೆ. ಅವಳನ್ನು ತಿರುಗಿಸಿದ್ದು ಒಳ್ಳೆಯತನ ಅಂತ ನಾನು ಸುಳ್ಳು ಹೇಳಲಾರೆ. ಅವಳನ್ನು ತಿರುಗಿಸಿದ್ದು ಕತ್ತು.

"ಒಂದು ಕಡೆ ಹೊಲಿಗೆ ಸಡಿಲ ಇದೆ ಕಣೇ. ಇವತ್ತು ರಾತ್ರಿ ಕೂತು ಸರಿ ಮಾಡ್ತೀನಿ. ಕೀಲಿ ಕೊಡು."

ಸನವ್ಬರ್ ಯಾಕೆ ಅಂತಲೂ ಕೇಳದೆ ಕೊಟ್ಟಳು. "ನಾನೂ ಕೂರ್ಲಾ ಜೊತೆಗೆ?"

"ಬೇಡ. ನೀನು ಮಲಗು. ನಾಡಿದ್ದಿನ ಮದುಮಗಳು ನೀನು," ಅಂದಳು ಮುಕರ್ರಮಾ. ಆ ಮಾತಿನೊಳಗಿನ ಖಾರ ಆ ಹುಡುಗಿಗೆ ತಿಳಿಯಲಿಲ್ಲ, ನಾಚಿಕೊಂಡು ನಕ್ಕಳು.

ಮನೆಗೆ ಹೋಗಿ ಪಟ್ಟಿ ತಂದಳು. ರಾತ್ರಿ ಹನ್ನೊಂದಕ್ಕೆ ಕರೆಂಟು ಹೋಯಿತು. ಬ್ಯಾಟರಿ ಲಾಂದ್ರ ಹಚ್ಚಿ, ಹಿಂದಿನ ಕೋಣೆಯ ಉದ್ದ ಮೇಜಿನ ಮೇಲೆ ಎರಡು ತುಂಡುಗಳನ್ನು ಹರಡಿ ನಡುವೆ ಪಟ್ಟಿಯನ್ನಿಟ್ಟಳು. ಆಚೆಗೊಂದು ಈಚೆಗೊಂದು, ಎರಡು ಉದ್ದನೆಯ ಹೊಲಿಗೆ. ಬೆಳಗಾಗುವುದರೊಳಗೆ ಒಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ ಅಂತ ನೋಡಿದರೇ ತಿಳಿಯುತ್ತಿತ್ತು. ಆದರೂ ಎಡಗಡೆಯಿಂದ ಶುರು ಮಾಡಿದಳು. ಟಿಕ್... ಸೊಯ್ಯ್ಯ್... ಈ ಸಲ ಸದ್ದು ಅವಳ ಕೈಯದೇ.

ಗೇಣುದ್ದ ಮುಗಿದಿರಬೇಕು. ಮೇಜಿನ ಆಚೆಯಿಂದ...

"ದಾರ ಹಾಕಿಕೊಡು, ಮಗಳೇ."

ತಲೆ ಎತ್ತಲಿಲ್ಲ. ಎತ್ತಿದ್ದರೆ ಎದೆ ಒಡೆಯುತ್ತಿತ್ತು ಅಂತ ಅವಳೇ ಹೇಳಿದ್ದಾಳೆ. ಲಾಂದ್ರದ ಬೆಳಕಿಗೆ ಒಂದು ಕೈ ಬಂತು. ಸಣಕಲು ಬೆರಳು, ತೋರುಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಕಪ್ಪು ಚುಕ್ಕೆಗಳು. ಮುಕರ್ರಮಾ ದಾರ ಪೋಣಿಸಿ ಕೊಟ್ಟಳು. ಬಲಗಡೆ ಹೊಲಿಗೆ ಶುರುವಾಯಿತು. ಈಗ ಎರಡು ಸದ್ದು... ಟಿಕ್, ಟಿಕ್... ಸೊಯ್ಯ್ಯ್, ಸೊಯ್ಯ್ಯ್...

ಎಷ್ಟೋ ಹೊತ್ತಾದ ಮೇಲೆ ಮುಕರ್ರಮಾ ಪಿಸುಗುಟ್ಟಿದಳು. "ಅಮ್ಮಾ... ನಿಮ್ಮ ಸವತಿ, ಆ ಚಿಕ್ಕವಳು, ಕೆಟ್ಟವಳಾಗಿದ್ದಳಾ?"

"ಇಲ್ಲ. ನನ್ನನ್ನ ಅಪಾ ಅಂತಿದ್ದಳು."

ಟಿಕ್... ಟಿಕ್...

"ಹೊಟ್ಟೆ ಉರಿ ಆರ್ತಾ, ಅಮ್ಮಾ?"

"ಆರಿದ್ರೆ ಇಷ್ಟು ವರ್ಷ ಆ ಮರದ ಕೆಳಗೆ ಕೂತಿರ್ತಿದ್ನಾ?"

"ಮತ್ತೆ ಯಾಕೆ ಹೊಲೀತೀರಿ?"

ದಾರ ಎಳೆಯುವ ಸದ್ದು ಅರ್ಧಕ್ಕೆ ನಿಂತಿತು.

"ಆವಾಗ ಅತ್ತೆ ಹೊಲಿದಳು... ಬಿಚ್ಚಿದ್ದು ನಾನು. ನನ್ನ ಕೈಯಿಂದಾನೇ ಆಗಬೇಕಿತ್ತು."

ಅಷ್ಟೇ. ಮತ್ತೆ ಟಿಕ್, ಟಿಕ್... ಎಡಗಡೆಯ ಕೊನೆಯ ಗಂಟು ಹಾಕಿದ್ದು ಮುಕರ್ರಮಾಗೆ ನೆನಪಿದೆ, ಬಟ್ಟೆಯ ಮೇಲೇ ತಲೆಯಿಟ್ಟದ್ದು ನೆನಪಿದೆ. ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬೆಳಕು. ಸುಜನಿ ಇಡಿಯಾಗಿತ್ತು. ಎಡಗಡೆಯದು ಅವಳ ಕೈ. ಬಲಗಡೆ, ಎಳ್ಳಿನಷ್ಟು ಚಿಕ್ಕ ಹೊಲಿಗೆ, ಈ ತುದಿಯಿಂದ ಆ ತುದಿಯವರೆಗೆ.

ಹೇಳಿದ ದಿನಕ್ಕೆ ಶಾಖೆ ತೆರೆಯಿತು. ದೊಡ್ಡವರು ಬಂದರು, ಕಡಾಯಿಗಳಲ್ಲಿ ಓಶ್ ಪಲಾವ್ ಬೆಂದಿತು. ಸನವ್ಬರ್ ರಿಬ್ಬನ್ ಹಿಡಿದು ನಿಂತಳು. ಎಲ್ಲರೆದುರು, "ಇದೆಲ್ಲ ನಮ್ಮ ಮುಕರ್ರಮಾ ಅಪಾ ದುಡಿಮೆ," ಅಂದಳು. ಉರಿ ಹೋಯಿತಾ ಅಂತ ಕೇಳುತ್ತೀರಾ? ಎಲ್ಲಿ ಹೋಗುತ್ತದೆ? ರಿಬ್ಬನ್ ಕತ್ತರಿಸಿದಾಗ ಹೊಟ್ಟೆಯೊಳಗೆ ಅದೇ ಬೆಂಕಿ ಧಗ್ ಅಂದಿತಂತೆ. ಆದರೂ ಅಂಗೈ ಕೆಂಪಾಗುವವರೆಗೆ ಚಪ್ಪಾಳೆ ತಟ್ಟಿದಳು. ಅದನ್ನು ನಾನೇ ನೋಡಿದ್ದೇನೆ.

ಜನ ಕರಗಿದ ಮೇಲೆ ಸನವ್ಬರ್ ಅವಳನ್ನು ಮೂಲೆಗೆ ಕರೆದಳು.

"ಅಪಾ, ಆವತ್ತು ನಿಮ್ಮ ಜೊತೆ ಬಂದಿದ್ರಲ್ಲ, ಆ ಅಮ್ಮ ಯಾರು?"

ಮುಕರ್ರಮಾ ತಿರುಗಿ ಗಾಜಿನ ಹಿಂದಿನ ಸುಜನಿ ನೋಡಿದಳು.

"ನಸುಕಿಗೆ ಚಹಾ ತಂದಿದ್ದೆ. ಇಬ್ಬರೂ ತಲೆ ತಗ್ಗಿಸಿಕೊಂಡು ಹೊಲೀತಿದ್ರಿ. ಮಾತಾಡಿಸೋದು ಬೇಡ ಅಂತ ಎರಡು ಪಿಯಾಲಾ ತುಂಬಿಸಿಟ್ಟು ಹೋದೆ. ಸ್ವಲ್ಪ ಹೊತ್ತು ಬಿಟ್ಟು ಬಂದ್ರೆ ನೀವೊಬ್ಬರೇ, ನಿದ್ದೆ ಬಂದುಬಿಟ್ಟಿತ್ತು. ಪಿಯಾಲಾ ಎರಡೂ ಖಾಲಿ. ಆ ಅಮ್ಮ ತಮ್ಮದನ್ನ ಬೋರಲು ಹಾಕಿ ಹೋಗಿದ್ರು. ನಮ್ಮಜ್ಜಿನೂ ಹಾಗೇ ಮಾಡ್ತಿದ್ಳು... ಇನ್ನು ಸಾಕು ಅನ್ನೋದಕ್ಕೆ."

"ನನ್ನದು?"

"ನಿಮ್ಮದು ನೆಟ್ಟಗೇ ಇತ್ತು, ಅಪಾ. ಇನ್ನೂ ಬೇಕಿತ್ತೇನೋ ಅಂದ್ಕೊಂಡೆ."

ಆ ರಾತ್ರಿ ತನ್ನ ನಾಲಿಗೆಗೆ ಒಂದು ತೊಟ್ಟು ಚಹಾ ತಾಗಿಲ್ಲ ಅಂತ ಮುಕರ್ರಮಾ ರೊಟ್ಟಿ ಮುಟ್ಟಿ ಆಣೆ ಮಾಡಿ ಹೇಳಿದ್ದಾಳೆ. ಯಾರಿಗಾದರೂ ಅನುಮಾನ ಇದ್ದರೆ ನಾಳೆಯೇ ಸೇತುವೆ ದಾಟಿ ಹೋಗಿ ಸನವ್ಬರ್‌ಳನ್ನು ಕೇಳಿ. ಆ ಎರಡೂ ಪಿಯಾಲಾ ತೊಳೆದಿಟ್ಟವಳು ಅವಳೇ.